ಕಲಬುರಗಿಗೆ ಬಂದ ಬಟ್ಟೆ ಶೋಕಿಯವರಿಗೆ: ಶೋರೂಮ್, ಆನ್‌ಲೈನ್, ಟೇಲರ್, ಹೈದರಾಬಾದ್ – ಯಾವುದಕ್ಕೆ ಯಾವುದು?

ಬೆಂಗಳೂರಿನಿಂದ ಕಲಬುರಗಿಗೆ ವರ್ಗವಾಗಿ ಬಂದ ಬಟ್ಟೆ ಶೋಕಿಯವರು ಮೊದಲ ತಿಂಗಳಲ್ಲೇ ಹೇಳುವ ಮಾತು: “ಇಲ್ಲಿ ಏನೂ ಸಿಗೋದಿಲ್ಲ.” ಸಿಗುತ್ತದೆ, ಒಂದೇ ಸೂರಿನಡಿ ಸಿಗುವುದಿಲ್ಲ ಅಷ್ಟೇ. ಅರಿವೆ (ಹೊಲಿಯದ ಬಟ್ಟೆ) ಕಪಡಾ ಬಜಾರಿನಲ್ಲಿ, ಅಸ್ತರ್ (ಒಳಪದರದ ಬಟ್ಟೆ) ಮ್ಯಾಚಿಂಗ್ ಸೆಂಟರಿನಲ್ಲಿ, ಹೊಲಿಗೆ ಓಣಿಯ ಟೇಲರ್ ಹತ್ತಿರ. ಶೋರೂಮಿನ ರೆಡಿಮೇಡ್, ಆನ್‌ಲೈನ್ ಆರ್ಡರ್, ಊರಿನ ಟೇಲರ್, ಹೈದರಾಬಾದಿನ ಖರೀದಿ ಎಂಬ ನಾಲ್ಕೂ ದಾರಿಯಲ್ಲಿ ಒಂದೇ ಬಗೆಯ ಉಡುಪು ಕೊಂಡು, ಹೊಲಿಸಿ ನೋಡಿದ ಹೋಲಿಕೆ ಇದು. ಮೊಣಕಾಲಿನ ಕೆಳಗಿಳಿಯುವ ನೇರ ಕಟ್ಟಿನ ಕಾಟನ್ ಕುರ್ತಾ, ಕಾಲಗಂಟಿನ ಮೇಲೆ ನಿಲ್ಲುವ ಪ್ಯಾಂಟ್, ಅಸ್ತರ್ ಹಾಕಿದ ಜಂಪರ್ (ಸೀರೆಯ ರವಿಕೆ) – ಈ ಮೂರನ್ನೇ ಅಳತೆಗೋಲು ಮಾಡಿಕೊಂಡಿದ್ದೇವೆ.

ಮೊದಲು ಬಿಸಿಲನ್ನು ಲೆಕ್ಕಕ್ಕೆ ಹಿಡಿಯಬೇಕು. ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಬೆಂಗಳೂರಿನ ಹವಾಕ್ಕೆ ಸರಿಹೋಗುತ್ತಿದ್ದ ಪಾಲಿಯೆಸ್ಟರ್ ಜಾರ್ಜೆಟ್, ಮೈಗಂಟುವ ಸ್ಟ್ರೆಚ್ ಜೀನ್ಸ್ ಇಲ್ಲಿ ಬೆವರು ಆರಗೊಡದೆ ಮೈಗೆ ಮೆತ್ತಿಕೊಳ್ಳುತ್ತವೆ. ಚಂದ ಕಾಣುತ್ತದೆಯೇ ಎನ್ನುವುದು ಎರಡನೆಯ ಪ್ರಶ್ನೆ. ಮಧ್ಯಾಹ್ನ ಎರಡಕ್ಕೆ ಊರ ನಡುವಿನ ಪೇಟೆ ಸೂಪರ್ ಮಾರ್ಕೆಟ್‌ನಿಂದ ಆಟೊದಲ್ಲಿ ಮನೆಗೆ ಬರುವಷ್ಟು ಹೊತ್ತು ತಡೆಯುತ್ತದೆಯೇ ಎನ್ನುವುದು ಮೊದಲನೆಯದು.

ಶೋರೂಮ್ ರೆಡಿಮೇಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಳೆ ಬೆಳಿಗ್ಗೆಯೇ ಬೇಕಾದಾಗ ಇದಕ್ಕೆ ಸಾಟಿಯಿಲ್ಲ, ಹಾಕಿ ನೋಡಿ ಕೊಳ್ಳಬಹುದು. ಆದರೆ ಮದುವೆ, ಹಬ್ಬದ ಗಿರಾಕಿಯೇ ಹೆಚ್ಚಾದ್ದರಿಂದ ಜರಿ, ಕಲ್ಲು, ಕಸೂತಿಯ ಮಾಲು ರಾಶಿ ಇರುತ್ತದೆ. ಆಫೀಸಿಗೆ ಹಾಕುವ ಮಾಸಲು ಬಣ್ಣದ ಸರಳ ಕಾಟನ್ ಕುರ್ತಾ ಮಾತ್ರ ಎರಡೋ ಮೂರೋ. ಅದೂ ಎಂ, ಎಲ್ ಅಳತೆಯಲ್ಲಿ. ಎಕ್ಸ್‌ಎಸ್ ಅಥವಾ ತ್ರಿಬಲ್ ಎಕ್ಸ್‌ಎಲ್‌ನವರು ಹೇಗೂ ಟೇಲರ್ ಹತ್ತಿರ ಹೋಗಲೇಬೇಕು. ಕೊಳ್ಳುವ ಮುನ್ನ ಪಕ್ಕದ ಹೊಲಿಗೆ ತಿರುಗಿಸಿ ನೋಡಿ: ಒಳಗೆ ಅರ್ಧ ಇಂಚಿಗಿಂತ ಕಡಿಮೆ ಮಾರ್ಜಿನ್ ಇದ್ದರೆ ಮುಂದೆ ಬಿಚ್ಚಿ ಅಗಲ ಮಾಡಲಾಗುವುದಿಲ್ಲ.

ಆನ್‌ಲೈನ್‌ನಲ್ಲಿ ಆಯ್ಕೆ ಅಪಾರ, ಬೆಂಗಳೂರಿನಲ್ಲಿ ಕಾಣುವುದೆಲ್ಲ ಇಲ್ಲಿಗೂ ಬರುತ್ತದೆ. ತೊಡಕು ಬೇರೆ ಕಡೆ ಇದೆ. ಕೆಲವು ಬ್ರ್ಯಾಂಡಿನವರು ಮೈಯ ಅಳತೆ ಬರೆಯುತ್ತಾರೆ, ಕೆಲವರು ಉಡುಪಿನ ಅಳತೆ. ಎದೆ 36 ಎಂದು ಎರಡರಲ್ಲೂ ಇದ್ದರೂ ಹಾಕಿಕೊಂಡಾಗ 2ರಿಂದ 4 ಇಂಚು ವ್ಯತ್ಯಾಸ ಬರುತ್ತದೆ. ಸರಿಯಾಗಿ ಕೂರುವ ನಿಮ್ಮದೇ ಕುರ್ತಾವನ್ನು ನೆಲದ ಮೇಲೆ ಹರವಿ ಕಂಕುಳಿಂದ ಕಂಕುಳಿಗೆ ಅಳೆದು ಎರಡರಷ್ಟು ಮಾಡಿ, ಆ ಸಂಖ್ಯೆಯನ್ನು ಉಡುಪಿನ ಅಳತೆಯ ಜೊತೆಗೇ ಹೋಲಿಸಿ. ಬಟ್ಟೆಯ ವಿವರದಲ್ಲಿ ‘ಕಾಟನ್ ಬ್ಲೆಂಡ್’ ಎಂದಿದ್ದರೆ ಪಾಲು ಎಷ್ಟೆಂದು ಹುಡುಕಿ, ಬರೆದಿರದಿದ್ದರೆ ಬಿಟ್ಟುಬಿಡಿ. ಒಳಉಡುಪು, ಸ್ನೀಕರ್, ಅಳತೆ ಗೊತ್ತಿರುವ ಬ್ರ್ಯಾಂಡಿನ ಟೀಶರ್ಟ್‌ಗೆ ಆನ್‌ಲೈನೇ ಗೆಲ್ಲುತ್ತದೆ. ಜಂಪರಿಗೆ ಬೇಡ, ಖಂಡಿತ ಬೇಡ.

ಈಗ ಟೇಲರ್. ನಾಲ್ಕರಲ್ಲಿ ಹೆಚ್ಚು ಶ್ರಮ ಬೇಡುವುದೂ, ಕೊನೆಗೆ ಹೆಚ್ಚು ಚೆನ್ನಾಗಿ ಮೈಗೆ ಕೂರುವುದೂ ಇದೇ. ಮಹಾನಗರದಲ್ಲಿ ಬುಟಿಕ್‌ನವರು ಮಾಡುವ ಕೆಲಸವನ್ನು ಇಲ್ಲಿ ಸಾದಾ ಅಂಗಡಿಯ ಟೇಲರ್ ಮಾಡಿಕೊಡುತ್ತಾರೆ, ಮಾಡಿಸಿಕೊಳ್ಳಲು ಬರಬೇಕು ಅಷ್ಟೇ.

ಅರಿವೆ ಕೊಳ್ಳುವಾಗ ಮೊದಲು ಪನ್ನಾ (ಬಟ್ಟೆಯ ಅಗಲ) ಕೇಳಿ. 44 ಇಂಚು ಪನ್ನಾದ್ದಾದರೆ 46 ಇಂಚು ಉದ್ದದ, ಮುಕ್ಕಾಲು ತೋಳಿನ ಕುರ್ತಾಗೆ ಎರಡೂವರೆ ಮೀಟರ್, ಕುಗ್ಗುವುದಕ್ಕೆ ಸೇರಿಸಿ ಎರಡೂಮುಕ್ಕಾಲು. 36 ಇಂಚಿನದಾದರೆ ಪಕ್ಕದಲ್ಲಿ ತೋಳಿಗೆ ಜಾಗ ಉಳಿಯುವುದಿಲ್ಲ, ಮೂರೂಕಾಲು ಮೀಟರ್ ಬೇಕು. ಪ್ಯಾಂಟಿಗೆ 44ರಲ್ಲಿ ಎರಡೂಕಾಲು, 58ರಲ್ಲಿ ಒಂದೂಕಾಲು. ಗಿಡ್ಡ ತೋಳಿನ ಜಂಪರಿಗೆ 80 ಸೆಂಟಿಮೀಟರ್, ಮೊಣಕೈವರೆಗಿನದಕ್ಕೆ ಒಂದು ಮೀಟರ್, ಅಸ್ತರ್ ಕೂಡ ಅಷ್ಟೇ. ಗುಳೇದಗುಡ್ಡ ಖಣ (ರವಿಕೆಗೆಂದೇ ನೇಯುವ ಬಟ್ಟೆ) ಕಂಡು ಕುರ್ತಾ ಮಾಡಿಸುವ ಆಸೆ ಹಲವರಿಗೆ ಬರುತ್ತದೆ. ಖಣದ ಪನ್ನಾ ಕಿರಿದು, ಇಡೀ ಕುರ್ತಾ ಎಳೆದರೆ ನಡುವೆ ಜೋಡಣೆ ಕಾಣುತ್ತದೆ. ಅದನ್ನು ಜಂಪರಿಗೋ, ತೋಳಿಲ್ಲದ ಜಾಕೆಟ್ಟಿಗೋ ಬಳಸಿದರೆ ಅರಿವೆಗೂ ಮರ್ಯಾದೆ, ನೋಡುವವರಿಗೂ ಚಂದ.

ಕಾಟನ್, ರೇಯಾನ್ ಎರಡನ್ನೂ ಹೊಲಿಯಲು ಕೊಡುವ ಮುನ್ನ ರಾತ್ರಿಯಿಡೀ ನೀರಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ. 46 ಇಂಚಿನಲ್ಲಿ ನೂರಕ್ಕೆ ನಾಲ್ಕು ಕುಗ್ಗಿದರೂ ಹತ್ತಿರ ಹತ್ತಿರ 2 ಇಂಚು ಹೋಯಿತು. ಅಸ್ತರ್ ಅನ್ನೂ ಬಿಡಬೇಡಿ. ಮೇಲಿನ ಬಟ್ಟೆ ನೆನೆಸಿ ಅಸ್ತರ್ ನೆನೆಸದಿದ್ದರೆ ಮೊದಲ ಒಗೆತಕ್ಕೇ ಒಳಗೆ ಎಳೆದು ಜಂಪರಿನ ಅಂಚು ಸುರುಟಿಕೊಳ್ಳುತ್ತದೆ. ಬೇಸಿಗೆಗೆ ಅಸ್ತರ್ ಮಲ್‌ಮಲ್ ಕಾಟನ್ ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಕೈಗೆ ಸಿಕ್ಕ, ಪಾಲಿಯೆಸ್ಟರ್ ಬೆರೆತ ಟೆರಿಕಾಟ್ ಬಂದು ಕೂರುತ್ತದೆ.

ಮೊಬೈಲಿನ ಫೋಟೊ ತೋರಿಸಿ “ಹಿಂಗ ಹೊಲಿರಿ ಅಣ್ಣಾ” ಎಂದರೆ ಮುಂಭಾಗ ಮಾತ್ರ ಫೋಟೊದಂತೆ ಬರುತ್ತದೆ. ಬೆನ್ನು, ತೋಳು, ಉದ್ದ ಟೇಲರ್ ರೂಢಿಯಂತೆ. ಹಾಗಾಗಿ ಹಾಳೆಯಲ್ಲಿ ಇಂಚು ಬರೆದು ಕೊಡಿ, ಜೊತೆಗೆ ಸರಿಯಾಗಿ ಕೂರುವ ಹಳೆಯ ಉಡುಪೊಂದನ್ನೂ ಕೊಡಿ. ಮುಂದೆ ಹಿಂದೆ ಎರಡೂ ಕಡೆ ಕುತ್ತಿಗೆ ಅಗಲವಾದರೆ ಭುಜ ಜಾರುತ್ತದೆ, ಬೆನ್ನಿನ ಕಡೆ 8 ಇಂಚಿಗಿಂತ ಆಳ ಬೇಕಿದ್ದರೆ ದೋರಿ (ಕಟ್ಟುವ ದಾರ) ಹಾಕಿಸಿ. ಕೈ ಎತ್ತಿದಾಗ ಇಡೀ ಕುರ್ತಾ ಮೇಲೇರುತ್ತದೆ ಎಂಬ ದೂರು ಬಹಳ. ಸಡಿಲ ಇರಲಿ ಎಂದು ಕಂಕುಳನ್ನು ಆಳ ಕತ್ತರಿಸುವುದೇ ಅದಕ್ಕೆ ಕಾರಣ. ಕಂಕುಳನ್ನು ಅರ್ಧ ಇಂಚು ಮೇಲಕ್ಕೆ ತಂದು ತೋಳಿನ ಸುತ್ತಳತೆ ಒಂದು ಇಂಚು ಹೆಚ್ಚಿಸಲು ಹೇಳಿದರೆ ಸರಿಹೋಗುತ್ತದೆ. ಜಂಪರಿಗೆ ಮೊದಲು ಅಸ್ತರನ್ನಷ್ಟೇ ಕಚ್ಚಾ ಹೊಲಿಗೆ ಹಾಕಿಸಿ ತೊಟ್ಟು ನೋಡಿ. ಪಕ್ಕದಲ್ಲಿ ಒಂದು ಇಂಚು ಮಾರ್ಜಿನ್ ಉಳಿಸಲು ಹೇಳುವುದನ್ನು ಮರೆಯಬೇಡಿ.

ಪ್ಯಾಂಟನ್ನು ಲೇಡೀಸ್ ಟೇಲರಿಗೆ ಕೊಡಬೇಡಿ. ಸಲ್ವಾರಿನ ರೂಢಿಯಲ್ಲಿ ಮುಂದಿನ ಹಿಂದಿನ ತುಂಡು ಒಂದೇ ಅಳತೆಗೆ ಕತ್ತರಿಸಿದರೆ ಕೂತಾಗ ಹಿಂದೆ ಜಾರುತ್ತದೆ. ಜೆಂಟ್ಸ್ ಟೇಲರ್ ಹಿಂದಿನ ತುಂಡನ್ನು ಎತ್ತರ ಇಟ್ಟು ಕತ್ತರಿಸುತ್ತಾರೆ, ಜೇಬೂ ನಿಜವಾದ ಜೇಬು. ಎರಿ (ಕಪ್ಪು, ಜಿಗುಟು) ಮಣ್ಣಿನ ಊರಿದು, ಮಳೆಗಾಲದಲ್ಲಿ ಕಾಲಂಚು ಕಾಲಗಂಟಿಗಿಂತ 2 ಇಂಚು ಮೇಲಿರಲಿ. ಕೆಸರು ಹತ್ತಿದರೆ ಹಸಿಯಲ್ಲಿ ಉಜ್ಜಬೇಡಿ, ಒಣಗಿದ ಮೇಲೆ ಬ್ರಷ್‌ನಿಂದ ಕೊಡವಿ ಆಮೇಲೆ ಒಗೆಯಿರಿ. ಬೋರ್‌ವೆಲ್ಲಿನ ಗಡಸು ನೀರಾದರೆ ಕಡೆಯ ಜಾಲಾಟದ ಬಕೆಟ್ಟಿಗೆ ಎರಡು ಚಮಚ ಬಿಳಿ ವಿನೆಗರ್ ಹಾಕಿ, ಸೋಪಿನ ಬೂದು ಪೊರೆ ಕಡಿಮೆಯಾಗುತ್ತದೆ.

ಟೇಲರಿಗಿರುವ ದೊಡ್ಡ ಕೊರತೆ ಸಮಯ. ರಂಜಾನ್ ಶುರುವಾದರೆ, ಹೋಳಿ ಮುಗಿದು ಶರಣಬಸವೇಶ್ವರ ಜಾತ್ರೆ ಬಂದರೆ, ಮದುವೆಯ ಮುಹೂರ್ತ ಕೂಡಿದರೆ, ಜೂನ್‌ನಲ್ಲಿ ಶಾಲೆಯ ಯೂನಿಫಾರ್ಮ್ ಬಂದರೆ – ಯಾವುದಾದರೂ ಒಂದಕ್ಕೆ ನಿಮ್ಮ ಬಟ್ಟೆ ಗಂಟಿನ ತಳ ಸೇರುತ್ತದೆ. ಬೇಕಾದ ದಿನಕ್ಕಿಂತ ಒಂದು ವಾರ ಮುಂಚಿನ ತಾರೀಖನ್ನೇ ಹೇಳುವುದು ಜಾಣತನ. ಊರಿನ ಎಲ್ಲರೂ ಹಾಗೇ ಹೇಳುತ್ತಾರೆಂಬುದು ಟೇಲರಿಗೂ ಗೊತ್ತು!

ಹೈದರಾಬಾದ್ ರೈಲಿನಲ್ಲಿ ವಾಡಿ, ತಾಂಡೂರು ದಾಟಿ ಸುಮಾರು 220 ಕಿ.ಮೀ. ಅಲ್ಲಿ ಹೊಲಿಸಿದ ಉಡುಪು ಕೊಳ್ಳುವುದಕ್ಕಿಂತ ಇಲ್ಲಿ ಹೊಲಿಸಲು ಬೇಕಾದ ಸಾಮಾನು ತರುವುದು ಒಳ್ಳೆಯದು. ಸಿಕಂದರಾಬಾದಿನ ಜನರಲ್ ಬಜಾರಿನಲ್ಲಿ ಅರಿವೆ. ಚಾರ್‌ಮಿನಾರ್ ಬಳಿಯ ಪತ್ತರ್‌ಗಟ್ಟಿಯಲ್ಲಿ ಶೇರ್ವಾನಿ, ಮದುವೆಯ ಬಟ್ಟೆ. ಲಾಡ್ ಬಜಾರಿನಲ್ಲಿ ಅರಗಿನ ಬಳೆ, ಲೇಸು, ದುಪಟ್ಟಾ. ಕಲಬುರಗಿಯಲ್ಲಿ ನಾಲ್ಕಾರು ಬಗೆಯಷ್ಟೇ ಸಿಗುವ ಲೇಸು, ಗುಂಡಿ ಅಲ್ಲಿ ಗೋಡೆ ತುಂಬ. ದಿನದಲ್ಲಿ ಎರಡು ಪೇಟೆಗಿಂತ ಹೆಚ್ಚು ಆಗುವುದಿಲ್ಲ. ಸೊಲ್ಲಾಪುರ ಇದರ ಅರ್ಧ ದೂರ, ಆದರೆ ಅದು ಚಾದರ, ಟವೆಲ್ಲಿನ ಊರು, ಶೋಕಿಗಲ್ಲ, ಹಾಸಿಗೆಗೆ. ಹೈದರಾಬಾದಿಗೆ ಹೋಗುವಾಗ ಇಲ್ಲಿಯ ಅರಿವೆಯ ಒಂದೊಂದು ತುಂಡು ಪಿನ್ನಿಗೆ ಚುಚ್ಚಿ ಒಯ್ಯಿರಿ, ಅಂಗಡಿಯ ಬಲ್ಬಿನ ಕೆಳಗಲ್ಲ, ಬೀದಿಯ ಬೆಳಕಿಗೆ ತಂದು ಬಣ್ಣ ಹೊಂದಿಸಿ. ಕತ್ತರಿಸುವ ಮುನ್ನ ಇಡೀ ಅಳತೆ ಬಿಚ್ಚಿಸಿ ಎಳೆ ಹರಿದಿದೆಯೇ, ಕಲೆ ಇದೆಯೇ ನೋಡಿ. ಕತ್ತರಿಸಿದ ಮಾಲು ವಾಪಸ್ ಮಾಡಲು ಮತ್ತೊಂದು ರೈಲು ಟಿಕೆಟ್ ಬೇಕಾಗುತ್ತದೆ.