ಗೆಡ್ಡೆ ಸ್ಯಾಂಪಲ್ ಕಳ್ಸಿ ಮಾಡ್ಸಿದ ಆರ್ಗನಾಯ್ಡ್ ಟೆಸ್ಟ್, 5ಕ್ಕೆ 3 ಸ್ಟಾರ್

ನಮ್ಮ ದೊಡ್ಡಪ್ಪಂಗೆ ದೊಡ್ಡ ಕರುಳಿನ ಕ್ಯಾನ್ಸರ್, ಲಿವರ್‌ಗೂ ಹಬ್ಬಿತ್ತು. ಆಪರೇಷನ್ ದಾವಣಗೆರೆಲೇ ಆಯ್ತು, ತೆಗೆದ ಗೆಡ್ಡೆ ಚೂರನ್ನ ಬೆಂಗಳೂರಿನ ಒಂದು ಪ್ರೈವೇಟ್ ಲ್ಯಾಬಿಗೆ ಕಳ್ಸಿದ್ವಿ, ಹೆಸರು ಬೇಡ ಬಿಡಿ. ಪೇಷಂಟಿನ ಗೆಡ್ಡೆಯ ಜೀವಕೋಶಗಳನ್ನೇ ಜೆಲ್ ಒಳಗೆ ಬೆಳೆಸಿ, ಸಣ್ಣ ಸಣ್ಣ ಗುಂಡು (ಇದಕ್ಕೇ ಆರ್ಗನಾಯ್ಡ್ ಅನ್ನೋದು) ಆದ್ಮೇಲೆ ಬೇರೆ ಬೇರೆ ಕೀಮೋ ಔಷಧಿ ಹಾಕಿ ಯಾವುದಕ್ಕೆ ಸಾಯ್ತವೆ, ಯಾವುದಕ್ಕೆ ಜಗ್ಗಲ್ಲ ಅಂತ ನೋಡ್ತಾರೆ. ಆ ಜೆಲ್‌ಗೆ ಮ್ಯಾಟ್ರಿಜೆಲ್ ಅಂತಾರೆ, ಅದು ಇಲಿ ಗೆಡ್ಡೆಯಿಂದ ತೆಗೆಯೋದಂತೆ. ಇದನ್ನ ಕೇಳಿ ದೊಡ್ಡಮ್ಮ "ಅಯ್ಯೋ ಶಿವನೇ, ಇವ್ರಿಗೆ ಅದನ್ನೇನು ಕುಡಿಸಲ್ಲ ತಾನೇ" ಅಂತ ಗಾಬರಿ ಬಿದ್ರು, ಅದು ಲ್ಯಾಬ್ ತಟ್ಟೇಲೇ ಇರುತ್ತೆ ದೊಡ್ಡಮ್ಮ ಅಂತ ಹೇಳಿ ಸಾಕಾಯ್ತು.

ಸ್ಯಾಂಪಲ್ ತಗೊಂಡ ರೀತಿಗೆ ಮಾತ್ರ ಫುಲ್ ಮಾರ್ಕ್ಸ್ ನೋಡ್ರಿ. ಆಪರೇಷನ್ ಹಿಂದಿನ ದಿನಾನೇ ಐಸ್ ಪ್ಯಾಕ್ ಬಾಕ್ಸು, ಅದ್ರೊಳಗೆ ಗುಲಾಬಿ ಬಣ್ಣದ ದ್ರವ ತುಂಬಿದ ಟ್ಯೂಬು ಬಂತು. ಓಟಿಲಿ ರೂಢಿ ಪ್ರಕಾರ ಎಲ್ಲಾನೂ ಕೆಡದಂಗೆ ಇಡೋ ಫಾರ್ಮಾಲಿನ್ ದ್ರವಕ್ಕೆ ಹಾಕ್ತಾರೆ, ಹಾಕಿದ್ರೆ ಕೋಶ ಸತ್ತಂಗೇ, ಟೆಸ್ಟ್ ಮುಗೀತು. ನಮ್ಮ ಸರ್ಜನ್‌ಗೆ ಮೊದಲೇ ಹೇಳಿದ್ದಕ್ಕೆ ಅವ್ರು ಬಯಾಪ್ಸಿಗೆ ಒಂದು ಚೂರು, ಈ ಟ್ಯೂಬಿಗೆ ಒಂದು ಚೂರು ಅಂತ ಬೇರೆ ಮಾಡಿ ಕೊಟ್ರು, ಲ್ಯಾಬ್ ಹುಡುಗ ಓಟಿ ಬಾಗಿಲಲ್ಲೇ ನಿಂತಿದ್ದ, ಇಸ್ಕೊಂಡು ಸೀದಾ ಹೈವೇ ಹಿಡ್ದ.

ಸ್ಟಾರ್ ಕಡಿಮೆ ಕೊಟ್ಟಿದ್ದು ಅವ್ರ ಮಾರ್ಕೆಟಿಂಗ್‌ನವ್ನಿಗೆ. "ರಿಪೋರ್ಟ್ ಬಂದ್ರೆ ಯಾವ ಕೀಮೋ ಹಿಡಿಯುತ್ತೆ ಅಂತ ಗ್ಯಾರಂಟಿ ಸಾರ್" ಅಂತಾನೆ. ಎಲ್ಲಿ ಗ್ಯಾರಂಟಿ? 2018ರಲ್ಲಿ ಲಂಡನ್‌ನವ್ರು ಮಾಡಿದ ಸ್ಟಡೀಲಿ ಈ ಔಷಧಿ ಕೆಲಸ ಮಾಡಲ್ಲ ಅಂತ ಹೇಳಿದ್ದು 100% ಸರಿ ಬಂತು, ಮಾಡುತ್ತೆ ಅಂದಿದ್ದು 88%, ಅದೂ ಕೆಲವೇ ಪೇಷಂಟ್‌ಗಳಲ್ಲಿ. 2019ರಲ್ಲಿ ನೆದರ್‌ಲ್ಯಾಂಡ್ಸ್‌ನವ್ರು ನೋಡಿದಾಗ ಇದೇ ಕರುಳಿನ ಕ್ಯಾನ್ಸರ್‌ಗೆ ಇರಿನೋಟೆಕಾನ್ ಅನ್ನೋ ಕೀಮೋ ಔಷಧಿ ವಿಷ್ಯದಲ್ಲಿ ಸರಿ ಹೇಳಿದ ಟೆಸ್ಟು, 5-ಎಫ್‌ಯು, ಆಕ್ಸಾಲಿಪ್ಲಾಟಿನ್ ಅನ್ನೋ ಎರಡು ಕೀಮೋ ಔಷಧಿ ಜೊತೆಗೆ ಕೊಟ್ಟೋರಲ್ಲಿ ಕೈ ಕೊಡ್ತು. ಇಮ್ಯುನೋಥೆರಪಿ, ಅಂದ್ರೆ ಮೈಯಲ್ಲಿರೋ ರೋಗ ನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡೋ ಚಿಕಿತ್ಸೆ, ಅದ್ರ ಬಗ್ಗೆ ಅಂತೂ ಇದನ್ನ ಕೇಳ್ಲೇಬೇಡಿ, ಆ ಗುಂಡುಗಳ ಒಳಗೆ ರಕ್ತನಾಳಾನೂ ಇಲ್ಲ, ರೋಗದ ಜೊತೆ ಹೊಡೆದಾಡೋ ಕೋಶಾನೂ ಇಲ್ಲ.

ಕೋಶ ಬೆಳೆಯೋಕೆ ವಾರಗಟ್ಲೆ ಹಿಡಿಯುತ್ತೆ, ಅಷ್ಟರಲ್ಲಿ ನಮ್ಮ ಡಾಕ್ಟ್ರು ಮಾಮೂಲಿ ಕೀಮೋ ಶುರು ಮಾಡಿಯಾಗಿತ್ತು. ರಿಪೋರ್ಟ್ ತೋರಿಸಿದ್ದಕ್ಕೆ "ಇದಿನ್ನೂ ಗೈಡ್‌ಲೈನ್‌ನಲ್ಲಿ ಬಂದಿಲ್ಲ, ಫೈಲ್‌ನಲ್ಲಿ ಇಟ್ಟಿರಿ, ಮುಂದೆ ಔಷಧಿ ಬದಲಾಯಿಸೋ ಟೈಮ್ ಬಂದ್ರೆ ನೋಡೋಣ" ಅಂದ್ರು. ನನಗೂ ಅದೇ ಸರಿ ಅನ್ಸುತ್ತೆ. ಮೊದಲ್ನೇ ಕೀಮೋದವ್ರು ಸಾಲ ಮಾಡಿ ಇದಕ್ಕೆ ಓಡೋ ಅವಶ್ಯಕತೆ ಇಲ್ಲ, ಇನ್ಶೂರೆನ್ಸ್‌ನವ್ರು ನಮಗೆ ಒಂದು ಪೈಸೆ ಕೊಡ್ಲಿಲ್ಲ. ಒಂದೆರಡು ಕೀಮೋ ಹಿಡೀದೆ ಡಾಕ್ಟ್ರೇ ತಲೆ ಕೆರ್ಕೊಳ್ತಿದ್ರೆ ಆಗ ಕೇಳಿ ನೋಡಿ. ದುಡ್ಡು ಕಟ್ಟೋ ಮುಂಚೆ ಕೋಶ ಬೆಳೀದೇ ಹೋದ್ರೆ ಎಷ್ಟು ವಾಪಸ್ ಕೊಡ್ತೀರ ಅಂತ ಬರೆಸಿಕೊಳ್ಳಿ, ಬೆಳೀದೇ ಇರೋದು ಅಪರೂಪ ಏನಲ್ಲ.