ಬಾಲ್ಸಾ, ಬಿದಿರು, ಬೆಂಡು: ರಬ್ಬರ್ ಹುರಿಯ ವಿಮಾನಕ್ಕೆ ಮಲೆನಾಡಿನಲ್ಲಿ ಯಾವುದು ಒಗ್ಗುತ್ತದೆ?

ಒಂದೇ ನಕ್ಷೆ ಇಟ್ಟುಕೊಂಡು ಜನವರಿಯಿಂದ ಈಚೆಗೆ ಮೂರು ವಿಮಾನ ಕಟ್ಟಿದ್ದೇನೆ. ಮೂರರದ್ದೂ ರೆಕ್ಕೆ ತುದಿಯಿಂದ ತುದಿಗೆ 45 ಸೆಂ.ಮೀ., ಮೂರಕ್ಕೂ ಒಂದೇ ಅಳತೆಯ ಪ್ಲಾಸ್ಟಿಕ್ ಪ್ರೊಪೆಲ್ಲರ್. ಒಳಗಿನ ಹಂದರ ಮಾತ್ರ ಬೇರೆ: ಒಂದು ಬಾಲ್ಸಾ ಮರದ್ದು, ಒಂದು ಬಿದಿರಿನದು, ಇನ್ನೊಂದು ಬೆಂಡಿನದು. ಎಂಜಿನ್ ಇಲ್ಲ, ಬ್ಯಾಟರಿ ಇಲ್ಲ. ಮೂತಿಯಿಂದ ಬಾಲದವರೆಗೆ ಕಟ್ಟಿದ ರಬ್ಬರಿಗೆ ಹುರಿ ಹಾಕಿ ಬಿಡುವುದು. ಹುರಿ ಬಿಚ್ಚುವಷ್ಟು ಹೊತ್ತು ಪ್ರೊಪೆಲ್ಲರ್ ತಿರುಗುತ್ತದೆ, ಆಮೇಲೆ ತೇಲುತ್ತಾ ಇಳಿಯಬೇಕು. ಹಾರಿಸಿದ್ದು ಮಂಡಗದ್ದೆಯ ಹತ್ತಿರ, ನಮ್ಮ ಮನೆಯ ಕೆಳಗಿನ ಕೊಯ್ಲಾದ ಗದ್ದೆಯಲ್ಲಿ. ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದಾಗಿನಿಂದ ತಲೆಯೆತ್ತಿಕೊಂಡೇ ನಡೆಯುವ ಅಕ್ಕನ ಮಗ ಸ್ಟಾಪ್‌ವಾಚ್ ಹಿಡಿದ.

ಬೆಂಡಿನ ವಿಷಯ ಬೇಗ ಮುಗಿಸುತ್ತೇನೆ. ಸಾಗರ, ಸೊರಬದ ಗುಡಿಗಾರರು ಬಾಸಿಂಗ ಮಾಡುವ ಬೆಂಡು ಕೈಯಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ಅದನ್ನು ಕಂಡೇ ಆಸೆಪಟ್ಟೆ. ಆದರೆ ಉದ್ದಕ್ಕೆ ಸೀಳಿದ ಕಡ್ಡಿಗೆ ಕಸುವಿಲ್ಲ. ಹಾರಿಸಲು ಹಿಡಿದಾಗಲೇ ಹೆಬ್ಬೆರಳಿನ ಒತ್ತಿಗೆ ರೆಕ್ಕೆಯ ನಡುಗಡ್ಡಿ ಮುರಿಯಿತು. ಅದರಿಂದ ಈಗ ಚಕ್ರಗಳನ್ನು ಮಾತ್ರ ಕೊರೆಯುತ್ತೇನೆ. ಅದಕ್ಕೆ ಬೆಂಡಿನಷ್ಟು ಒಳ್ಳೆಯದು ಇನ್ನೊಂದಿಲ್ಲ.

ಬಾಲ್ಸಾ ದಕ್ಷಿಣ ಅಮೆರಿಕದ ಮರ. ಹೆಚ್ಚಿನ ಪಾಲು ಈಕ್ವೆಡಾರ್‌ನಿಂದ ಬರುತ್ತದೆ. ನಮ್ಮ ಬೂರುಗದ ಕುಟುಂಬಕ್ಕೇ ಸೇರಿದ್ದು. ಒಂದು ಘನ ಮೀಟರ್ ಬಾಲ್ಸಾ ಸರಾಸರಿ 160 ಕಿಲೋ ತೂಗುತ್ತದೆ, ಅಂದರೆ ನೀರಿನ ಆರನೆಯ ಒಂದು ಪಾಲು. ಆ ಸರಾಸರಿಯನ್ನು ನಂಬಿ ಕೂರಬಾರದು. ಅಂಚೆಯಲ್ಲಿ ತರಿಸಿದ ಎರಡು ಹಲಗೆಗಳು ನೋಡಲು ಅವಳಿಗಳಂತಿದ್ದವು, ಚಿನ್ನ ತೂಗುವ ಚಿಕ್ಕ ತಕ್ಕಡಿಯಲ್ಲಿಟ್ಟರೆ ಒಂದು ಇನ್ನೊಂದರ ಹೆಚ್ಚುಕಡಿಮೆ ಎರಡರಷ್ಟು ತೂಗಿತು. ಭಾರದ್ದನ್ನು ರೆಕ್ಕೆಯ ಉದ್ದಗಡ್ಡಿಗಳಿಗೆ, ಹಗುರದ್ದನ್ನು ಬಾಲಕ್ಕೆ ಎಂದು ವಿಂಗಡಿಸಿದ ಮೇಲೆಯೇ ಬ್ಲೇಡು ಮುಟ್ಟಿದೆ. ಕಟ್ಟಿ ಮುಗಿಸಿದಾಗ ರಬ್ಬರ್ ಬಿಟ್ಟು 15 ಗ್ರಾಂ.

ಬಿದಿರು ದುಡ್ಡಿಲ್ಲದೆ ಸಿಕ್ಕಿತು. ಒಲೆಯ ಮೇಲಿನ ಅಟ್ಟದಲ್ಲಿ ವರ್ಷಗಟ್ಟಲೆ ಹೊಗೆ ಕುಡಿದ ಗಳ ಅದು, ಹುಳ ಬಿದ್ದಿರಲಿಲ್ಲ. ಕತ್ತಿಯಲ್ಲಿ ಸೀಳಿ, ಬೆಂಕಿಕಡ್ಡಿಗಿಂತ ಸಪೂರವಾಗಿ ಹೆರೆದು, ದೀಪದ ಕುಡಿಯ ಮೇಲೆ ಮೆಲ್ಲಗೆ ಆಡಿಸಿದರೆ ಹೇಳಿದಂತೆ ಬಾಗುತ್ತದೆ, ಆರಿದ ಮೇಲೆ ಹಾಗೆಯೇ ನಿಲ್ಲುತ್ತದೆ. ಈ ಕೆಲಸದ ಸುಖ ಬಾಲ್ಸಾದಲ್ಲಿ ಇಲ್ಲ. ವಿಮಾನ ಹತ್ತು ಸಲ ಬದುವಿಗೆ ಬಡಿದರೂ ಏನೂ ಆಗಲಿಲ್ಲ. ತೊಂದರೆಯೆಲ್ಲ ತೂಕದಲ್ಲಿ. ಬಾಲ ಭಾರವಾಯಿತು, ಅದನ್ನು ಸರಿದೂಗಿಸಲು ಮೂತಿಗೆ ಜೇಡಿಮಣ್ಣು ಮೆತ್ತಬೇಕಾಯಿತು. ಬಾಲದಲ್ಲಿ ಒಂದು ಗ್ರಾಂ ಹೆಚ್ಚಾದರೆ ಮೂತಿ ಅದಕ್ಕಿಂತ ಹೆಚ್ಚು ಕೇಳುತ್ತದೆ, ಏಕೆಂದರೆ ತೂಕ ತೂಗುವ ಜಾಗ ರೆಕ್ಕೆಯ ಮುಂಭಾಗದಲ್ಲಿರುತ್ತದೆ, ಮೂತಿ ಅದಕ್ಕೆ ಹತ್ತಿರ, ಬಾಲ ದೂರ. ಕೊನೆಗೆ 23 ಗ್ರಾಂಗೆ ನಿಂತಿತು.

ಒಂದೇ ರಬ್ಬರ್, ಅಷ್ಟೇ ಸುತ್ತು ಕೊಟ್ಟು ತಲಾ ಹತ್ತು ಸಲ ಹಾರಿಸಿದಾಗ ಬಾಲ್ಸಾದ ಸರಾಸರಿ 38 ಸೆಕೆಂಡು, ಬಿದಿರಿನದು 24. ಇಷ್ಟಕ್ಕೇ ನಿಲ್ಲಿಸಿದ್ದರೆ ಬಾಲ್ಸಾವೇ ಗೆದ್ದಿತೆಂದು ಬರೆದುಬಿಡುತ್ತಿದ್ದೆ.

ಆದರೆ ಆ ರಬ್ಬರ್ ಸಾಮಾನ್ಯದ್ದಲ್ಲ. ಸ್ಪರ್ಧೆಗಳಿಗೆಂದೇ ತಯಾರಿಸುವ, ಹೊರದೇಶದಿಂದ ಬರುವ ನೈಸರ್ಗಿಕ ರಬ್ಬರಿನ 3 ಮಿ.ಮೀ. ಪಟ್ಟಿ. ಹೊಸನಗರದ ಕಡೆ ರಬ್ಬರ್ ತೋಟಗಳಿದ್ದೂ ಇದನ್ನು ಅಷ್ಟು ದೂರದಿಂದ ತರಿಸಬೇಕಲ್ಲ ಎಂದು ಸಂಕಟವಾಯಿತು. ಹಾಗಾಗಿ ಅದೇ ಬಾಲ್ಸಾ ವಿಮಾನಕ್ಕೆ ಊರಲ್ಲಿ ಸಿಗುವುದನ್ನೂ ಹಾಕಿ ನೋಡಿದೆ. ಕೊತ್ತಂಬರಿ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡುಗಳನ್ನು ಒಂದರೊಳಗೊಂದು ಕೋದು ಸರ ಮಾಡಿದರೆ 14 ಸೆಕೆಂಡು. ಸೈಕಲ್ ಟ್ಯೂಬ್ ಸಪೂರವಾಗಿ ಕತ್ತರಿಸಿ ಹಾಕಿದರೆ ಬರೀ 9. ಟ್ಯೂಬುಗಳನ್ನು ಸಾಮಾನ್ಯವಾಗಿ ಬ್ಯುಟೈಲ್ ರಬ್ಬರಿನಿಂದ ಮಾಡುತ್ತಾರೆ. ಗಾಳಿ ಹಿಡಿದಿಡುವುದರಲ್ಲಿ ಅದು ಗಟ್ಟಿ, ಆದರೆ ಎಳೆದಾಗ ಕೊಟ್ಟ ಶಕ್ತಿಯಲ್ಲಿ ದೊಡ್ಡ ಪಾಲನ್ನು ಒಳಗೇ ಬಿಸಿಯಾಗಿ ಕಳೆದುಬಿಡುತ್ತದೆ. ಆಲ್ಫೋನ್ಸ್ ಪೆನೋ 1871ರಲ್ಲಿ ಪ್ಯಾರಿಸ್‌ನ ಟುಯಿಲರಿ ಉದ್ಯಾನದಲ್ಲಿ ರಬ್ಬರ್ ಹುರಿಯ ಪುಟ್ಟ ವಿಮಾನವನ್ನು ಹಾರಿಸಿದಾಗ ಅದು 11 ಸೆಕೆಂಡು ಗಾಳಿಯಲ್ಲಿತ್ತು. ಟ್ಯೂಬ್ ಹಾಕಿದ ನನ್ನ ವಿಮಾನ ಅಷ್ಟನ್ನೂ ಮುಟ್ಟಲಿಲ್ಲ.

ಈಗ ಲೆಕ್ಕ ನೋಡಿ: ಒಳ್ಳೆಯ ರಬ್ಬರಿನ ಬಿದಿರು 24 ಸೆಕೆಂಡು, ಬ್ಯಾಂಡಿನ ಸರ ಹಾಕಿದ ಬಾಲ್ಸಾ 14. ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದರೆ ಅದನ್ನು ಮರಕ್ಕೆ ಹಾಕಬೇಡಿ, ರಬ್ಬರಿಗೆ ಹಾಕಿ.

ರಬ್ಬರ್ ತಂದ ಮೇಲೆ ಅದನ್ನು ಸಾಕಬೇಕು. ಎಣ್ಣೆ ಹಚ್ಚದಿದ್ದರೆ ಎಳೆಗಳು ಒಂದಕ್ಕೊಂದು ಉಜ್ಜಿ ಕಿತ್ತುಹೋಗುತ್ತವೆ. ಮನೆಯಲ್ಲಿದ್ದ ಕೊಬ್ಬರಿ ಎಣ್ಣೆ ಹಚ್ಚಿ ಒಂದು ಉದ್ದದ ಪಟ್ಟಿಯನ್ನೇ ಕಳೆದುಕೊಂಡೆ. ಎರಡು ದಿನಕ್ಕೆ ಉಬ್ಬಿ ಮೆತ್ತಗಾಯಿತು. ಹರಳೆಣ್ಣೆ ಹಚ್ಚಿದ್ದು ತಿಂಗಳಾದರೂ ಚೆನ್ನಾಗಿದೆ. ಹುರಿ ಹಾಕುವಾಗ ಅಕ್ಕನ ಮಗ ವಿಮಾನವನ್ನು ಎದೆಗೊತ್ತಿ ಹಿಡಿಯುತ್ತಾನೆ. ನಾನು ರಬ್ಬರನ್ನು ಮೂತಿಯಿಂದ ಹೊರಗೆಳೆದು, ಕೈ ಡ್ರಿಲ್ಲಿನ ಕೊಕ್ಕೆಗೆ ಸಿಕ್ಕಿಸಿ, ಅದರ ಉದ್ದದ ನಾಲ್ಕರಷ್ಟು ಹಿಂದಕ್ಕೆ ಹೋಗುತ್ತೇನೆ. ಒಟ್ಟು ಸುತ್ತುಗಳಲ್ಲಿ ಅರ್ಧದಷ್ಟನ್ನು ಅಲ್ಲಿ ನಿಂತೇ ತಿರುಗಿಸಿ, ಉಳಿದದ್ದನ್ನು ಒಂದೊಂದು ಹೆಜ್ಜೆ ಮುಂದೆ ಬರುತ್ತಾ ತಿರುಗಿಸುತ್ತೇನೆ. ಮೊದಲು ನಯವಾದ ಹುರಿ, ಆಮೇಲೆ ಮಣಿ ಪೋಣಿಸಿದಂತೆ ಗಂಟಿನ ಸಾಲು, ಕೊನೆಗೆ ಗಂಟಿನ ಮೇಲೆ ಗಂಟು. 40 ಸೆಂ.ಮೀ. ಕುಣಿಕೆಗೆ 700 ಸುತ್ತು ಹೀಗೆ ಹಿಡಿಸಿದೆ. ಎಳೆಯದೆ ಬೆರಳಿನಿಂದ ತಿರುಗಿಸಿದಾಗ 300 ದಾಟುವುದೇ ಕಷ್ಟವಾಗಿತ್ತು. ಅಷ್ಟು ಹುರಿ ತುಂಬಿದ ವಿಮಾನ ಮೊದಲ ಕೆಲವು ಸೆಕೆಂಡು ಎಡಕ್ಕೆ ವಾಲಿ ಮೇಲೆ ನುಗ್ಗುತ್ತದೆ. ಪ್ರೊಪೆಲ್ಲರಿನ ಬುಡಕ್ಕೆ ಲಗ್ನಪತ್ರಿಕೆಯ ರಟ್ಟಿನ ಚೂರು ಸೇರಿಸಿ ಅದರ ಮುಖವನ್ನು ತುಸು ಕೆಳಕ್ಕೆ, ತುಸು ಬಲಕ್ಕೆ ತಿರುಗಿಸಿದರೆ ಪಳಗುತ್ತದೆ.

ಹೊದಿಕೆಯದು ಮಲೆನಾಡಿನದೇ ಸಮಸ್ಯೆ. ವಿಮಾನಕ್ಕೆಂದೇ ಬರುವ ತೆಳು ಟಿಶ್ಯೂ ಕಾಗದ, ಅಂಗಡಿಯ ಗಾಳಿಪಟದ ಕಾಗದ, ಹಣ್ಣಿನಂಗಡಿಯ ತೆಳು ಪ್ಲಾಸ್ಟಿಕ್ ಚೀಲ, ಮೂರನ್ನೂ ಹಚ್ಚಿದೆ. ಟಿಶ್ಯೂ ಅಂಟಿಸಿ ನೀರು ಸಿಂಪಡಿಸಿದರೆ ಒಣಗುತ್ತಾ ಬಿಗಿದು ಮದ್ದಳೆಯ ಚರ್ಮದಂತಾಗುತ್ತದೆ, ರೆಕ್ಕೆ ತಿರುಚಿಕೊಳ್ಳದಂತೆ ಹಿಡಿಯುವುದೂ ಅದೇ. ಆದರೆ ಮುಂಜಾನೆಯ ಇಬ್ಬನಿಗೆ ಸಡಿಲವಾಗುತ್ತದೆ, ಜೂನ್ ಬಂದರೆ ಜೋತೇ ಬೀಳುತ್ತದೆ. ಗಾಳಿಪಟದ ಕಾಗದ ಭಾರ, ಆದರೂ ಬಿದಿರಿಗೆ ಮೈದಾ ಅಂಟಿನಿಂದ ಹಚ್ಚಿದರೆ ಒರಟಾಗಿ ಬಾಳುತ್ತದೆ. ಬೋರ್ಡೋ ದ್ರಾವಣಕ್ಕೆ ತಂದಿಟ್ಟ ಮೈಲುತುತ್ತದ ಒಂದು ಚಿಟಿಕೆ ಅಂಟಿಗೆ ಬೆರೆಸಿದೆ, ಹುಳ ಬರಲಿಲ್ಲ. ಪ್ಲಾಸ್ಟಿಕ್‌ಗೆ ತೇವದ ಹೆದರಿಕೆ ಇಲ್ಲ, ಆದರೆ ಅದು ರೆಕ್ಕೆಗೆ ಬಿಗಿ ಕೊಡುವುದಿಲ್ಲ. ಹುರಿ ತುಂಬಿ ಬಿಟ್ಟೊಡನೆ ರೆಕ್ಕೆ ತಿರುಚಿ ಸುರುಳಿ ಸುತ್ತುತ್ತಾ ಬಿತ್ತು.

ನನ್ನ ಆಯ್ಕೆ ಟಿಶ್ಯೂ. ಮರಕ್ಕೆ ಹೊಡೆಯುವ ನೈಟ್ರೋಸೆಲ್ಯುಲೋಸ್ ಲ್ಯಾಕರನ್ನು ಥಿನ್ನರಿನಲ್ಲಿ ನೀರಾಗಿಸಿ, ನಾಲ್ಕು ತೊಟ್ಟು ಹರಳೆಣ್ಣೆ ಹಾಕಿ ಎರಡು ಸಲ ಬಳಿದರೆ ಇಬ್ಬನಿಯನ್ನು ತಡೆಯುತ್ತದೆ. ಇದನ್ನು ಒಣ ಹವೆಯಲ್ಲೇ ಮಾಡಬೇಕು. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಕೂತು ಬಿಳಿ ಮಚ್ಚೆಯಾಗುತ್ತದೆ. ಮೊದಲ ಮಳೆಯ ಮರುದಿನ ಬಳಿದ ಬಾಲದ ಮೇಲೆ ಆ ಮಚ್ಚೆಗಳು ಇನ್ನೂ ಇವೆ.

ಏಪ್ರಿಲ್‌ನ ಒಂದು ಬೆಳಿಗ್ಗೆ ಹತ್ತು ಗಂಟೆಯ ಬಿಸಿಲಿಗೆ ಗದ್ದೆಯಿಂದ ಎದ್ದ ಬಿಸಿಗಾಳಿ ಬಾಲ್ಸಾ ವಿಮಾನವನ್ನು ಎತ್ತಿಕೊಂಡಿತು. ರಬ್ಬರ್ ಮುಗಿದು ಪ್ರೊಪೆಲ್ಲರ್ ನಿಂತಿದ್ದರೂ ಅದು ಏರುತ್ತಲೇ ಇತ್ತು. “ಮಾವ, ಎರಡು ನಿಮಿಷ ದಾಟಿತು!” ಎಂದು ಹುಡುಗ ಬದುವಿನ ಮೇಲೆ ಓಡಿದ. ಕೊನೆಗೆ ಅಡಿಕೆ ಮರದ ತಲೆಯಲ್ಲಿ ಕೂತಿತು. ದೋಟಿ ಕಟ್ಟಿ ಇಳಿಸುವಾಗ ಎಡ ರೆಕ್ಕೆಯ ತುದಿ ಪುಡಿಯಾಯಿತು.

ಆ ತುದಿಗೆ ಬಿದಿರು ಬಾಗಿಸಿ ಹಾಕಿದ್ದೇನೆ, ಚಕ್ರದ ಕಾಲುಗಳಿಗೂ ಬಿದಿರೇ. ಉಳಿದದ್ದೆಲ್ಲ ಬಾಲ್ಸಾ. ಒಟ್ಟು 16 ಗ್ರಾಂ ಆಯಿತು. ರಬ್ಬರನ್ನು ತೊಳೆದು, ಒಣಗಿಸಿ, ಬೆಳಕು ತಾಗದ ತಗಡಿನ ಡಬ್ಬಿಯಲ್ಲಿಟ್ಟಿದ್ದೇನೆ. ರೆಕ್ಕೆಗೆ ಹೊಸ ಟಿಶ್ಯೂ ಹಚ್ಚುವುದು ದಸರಾ ಕಳೆದು ಹವೆ ಒಣಗಿದ ಮೇಲೆ.