ಅಮ್ಮನ ಆರೈಕೆಗೆ ಮೂರು ದಾರಿ: ಚಿಕ್ಕ ಆಶ್ರಮ, ದೊಡ್ಡ ಕೇಂದ್ರ, ಹೋಮ್ ನರ್ಸ್

ಅಮ್ಮನಿಗೆ ಎಂಬತ್ತು ದಾಟಿದೆ. ಸೊಂಟದ ಮೂಳೆ ಮುರಿದು ಆಪರೇಷನ್ ಆದ ಮೇಲೆ ನಾವು ಮೂವರು ಮಕ್ಕಳು ಮೂರು ಥರದ ವ್ಯವಸ್ಥೆ ನೋಡಿದೆವು. ಮೈಸೂರಿನಲ್ಲಿ ಒಬ್ಬರು ತಮ್ಮ ಮನೆಯಲ್ಲೇ ನಡೆಸುವ ಚಿಕ್ಕ ವೃದ್ಧಾಶ್ರಮ, ಬೆಂಗಳೂರಿನ ಹೊರವಲಯದ ದೊಡ್ಡ ಅಸಿಸ್ಟೆಡ್ ಲಿವಿಂಗ್ ಕೇಂದ್ರ (ಅಲ್ಲೇ ಉಳಿಸಿಕೊಂಡು ದಿನದ ಆರೈಕೆ ಮಾಡುವ ಜಾಗ), ಕೊನೆಗೆ ನಮ್ಮ ಮನೆಗೇ ಏಜೆನ್ಸಿಯಿಂದ ಬಂದ ಹೋಮ್ ನರ್ಸ್. ಹೆಸರು ಹೇಳುವುದಿಲ್ಲ. ಯಾವುದು ಎಲ್ಲಿ ಕೈಕೊಡುತ್ತದೆ ಅಂತ ಮಾತ್ರ ಹೇಳುತ್ತೇನೆ.

ಮೈಸೂರಿನ ಮನೆ ಅಗ್ಗ. ತಿಂಗಳಿಗೆ 22 ಸಾವಿರ, ಅದರಲ್ಲೇ ಎಲ್ಲ. ಹೊತ್ತಿಗೆ ಸರಿಯಾಗಿ ಬಿಸಿ ಅನ್ನ, ತಿಳಿಸಾರು. ಸಂಜೆ ಜಗಲಿ ಮೇಲೆ ಕೂತು ಹರಟೆ. ಅಮ್ಮ ವಾಕರ್ ಹಿಡಿದು ಓಡಾಡುವವರೆಗೂ ಅಲ್ಲಿ ಖುಷಿಯಾಗಿದ್ದರು. ಆದರೆ ಅಲ್ಲಿ ನರ್ಸ್ ಇಲ್ಲ, ಬಚ್ಚಲಿಗೆ ಎರಡು ಮೆಟ್ಟಿಲು ಇಳಿಯಬೇಕು. ಅಮ್ಮನ ಕಾಲು ಸೋತಾಗ ಆ ಮನೆಯ ಯಜಮಾನಿಯೇ ಫೋನ್ ಮಾಡಿ, "ಇನ್ನು ನಮ್ಮ ಕೈಲಿ ಆಗಲ್ಲ ಕಣಮ್ಮ, ಬೇರೆ ಕಡೆ ನೋಡಿ" ಅಂದರು. ಆಗ ಬೇಜಾರಾಯಿತು. ಈಗ ಆ ಮಾತಿನ ಬೆಲೆ ಗೊತ್ತು.

ದೊಡ್ಡ ಕೇಂದ್ರದಲ್ಲಿ ಏನಿಲ್ಲ ಹೇಳಿ! ಲಿಫ್ಟು, ಫಿಸಿಯೋಥೆರಪಿ ಕೋಣೆ, ಭಜನೆ ಹಾಲು, ತೋಟ. ನ್ಯೂಜೆರ್ಸಿಯಲ್ಲಿರುವ ಅಣ್ಣ ವಿಡಿಯೋದಲ್ಲಿ ನೋಡಿಯೇ ಒಪ್ಪಿಬಿಟ್ಟ. ತಿಂಗಳಿಗೆ 55 ಸಾವಿರ ಅಂದಿದ್ದರು. ಡೈಪರ್, ಫಿಸಿಯೋ, "ಹೆಚ್ಚುವರಿ ಆರೈಕೆ" ಎಲ್ಲ ಸೇರಿ ಬಿಲ್ಲು 70 ಸಾವಿರ ಮುಟ್ಟುತ್ತಿತ್ತು. ಡೆಪಾಸಿಟ್ ಬೇರೆ. ದಿನಾ ಮೊಬೈಲಿಗೆ ವರದಿ ಬರುತ್ತಿತ್ತು: ತಿಂಡಿ ತಿಂದರು, ಚೆನ್ನಾಗಿ ಮಲಗಿದರು. ಫೋಟೋದಲ್ಲಿ ಅಮ್ಮನ ತಲೆ ಬಾಚಿರುತ್ತಿತ್ತು.

ಹೇಳದೆ ಕೇಳದೆ ಹೋದ ದಿನ ಬೇರೆಯೇ ಕಂಡಿತು. ನೀರಿನ ಲೋಟ ಕಿಟಕಿ ಹತ್ತಿರ, ಅಮ್ಮನ ಕೈಗೆ ಎಟುಕದಷ್ಟು ದೂರ. ಕರೆಗಂಟೆಯ ವೈರು ಸುತ್ತಿ ಮಂಚದ ಹಿಂದೆ ಸಿಕ್ಕಿಸಿದ್ದರು. ಗೋಡೆಗೆ ನೇತುಹಾಕಿದ್ದ ಹಾಳೆಯಲ್ಲಿ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದಕ್ಕೆ ಟಿಕ್ ಹಾಕಬೇಕು. ನಾನು ಹೋದಾಗ ಮಧ್ಯಾಹ್ನ ನಾಲ್ಕು. ರಾತ್ರಿ ಎಂಟರವರೆಗಿನ ಟಿಕ್ ಆಗಲೇ ಬಿದ್ದಿತ್ತು! ಬಾಲದ ಮೂಳೆ ಹತ್ತಿರ ಚರ್ಮ ಕಿತ್ತು ಹುಣ್ಣಾಗಿತ್ತು.

ಮಗ್ಗುಲು ಬದಲಿಸದೆ ಮಲಗಿದಲ್ಲೇ ಮಲಗಿದರೆ ಬರುವ ಈ ಹಾಸಿಗೆ ಹುಣ್ಣು ಒಂದೇ ಸಲಕ್ಕೆ ಆಗುವುದಲ್ಲ. ಮೊದಲು ಕೆಂಪಗಾಗುತ್ತದೆ. ಬೆರಳಿಂದ ಒತ್ತಿದರೂ ಆ ಕೆಂಪು ಮಾಸದಿದ್ದರೆ ಒಳಗೆ ಶುರುವಾಗಿದೆ ಅಂತ ಅರ್ಥ. ಮೈಬಣ್ಣ ಕಪ್ಪಿದ್ದರೆ ಕೆಂಪು ಸರಿಯಾಗಿ ಕಾಣದು, ಆ ಜಾಗ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿ ನೋಡಬೇಕು. ಹಿಮ್ಮಡಿಯನ್ನೂ ನೋಡಿ, ಅಲ್ಲಿ ಯಾರೂ ನೋಡುವುದಿಲ್ಲ.

ಇನ್ನೊಂದು ವಿಷಯ. ಅಷ್ಟರಲ್ಲಿ ಅಮ್ಮ ನನ್ನನ್ನು ಚಿಕ್ಕಮ್ಮನ ಹೆಸರಿಂದ ಕರೆಯುತ್ತಿದ್ದರು. "ವಯಸ್ಸಾಯ್ತಲ್ಲ ಮೇಡಂ, ಮರೆವು" ಅಂದರು ಅಲ್ಲಿಯವರು. ಆಸ್ಪತ್ರೆಯಲ್ಲಿ ನೋಡಿದರೆ ಮೂತ್ರದ ಸೋಂಕು, ಮೈಯಲ್ಲಿ ನೀರೇ ಇಲ್ಲ. ಡ್ರಿಪ್ಪು, ಆಂಟಿಬಯಾಟಿಕ್ ಕೊಟ್ಟ ಮೇಲೆ ಅಮ್ಮ ಮೊದಲಿನ ಹಾಗೆ ಬೈಯಲು ಶುರು ಮಾಡಿದರು. ವಯಸ್ಸಾದವರಿಗೆ ಇದ್ದಕ್ಕಿದ್ದಂತೆ ಗಲಿಬಿಲಿಯಾದರೆ ಅದು ಮರೆವಿನ ಕಾಯಿಲೆಯೇ ಆಗಬೇಕಿಲ್ಲ. ಎರಡು ಮೂರು ದಿನದಲ್ಲಿ ಆಗಿದ್ದರೆ ಮೊದಲು ಮೂತ್ರ ಪರೀಕ್ಷೆ, ರಕ್ತದಲ್ಲಿ ಸೋಡಿಯಂ (ಉಪ್ಪಿನಂಶ) ಪರೀಕ್ಷೆ ಮಾಡಿಸಿ.

ಅಲ್ಲಿನ ಹುಡುಗಿಯರನ್ನು ನಾನು ದೂರಲ್ಲ. ರಾತ್ರಿ ಒಂದು ಮಹಡಿಗೆಲ್ಲ ಒಬ್ಬಳು. ಅವಳಿಗೆ ಕನ್ನಡ ಬಾರದು, ಅಮ್ಮನಿಗೆ ಹಿಂದಿ ಬಾರದು. "ಒಂದಕ್ಕೆ ಹೋಗಬೇಕು" ಅಂತ ಹೇಳುವುದಾದರೂ ಹೇಗೆ? ತೋಟಕ್ಕೆ ಸುರಿದ ದುಡ್ಡಲ್ಲಿ ಇನ್ನೊಬ್ಬಳನ್ನು ಇಟ್ಟಿದ್ದರೆ ಸಾಕಿತ್ತು.

ದೂರು ಕೊಡುವ ದಾರಿ ಹುಡುಕುವಾಗ ಎಲ್ಲರೂ 2007ರ ಹಿರಿಯ ನಾಗರಿಕರ ಕಾಯ್ದೆ ಅಂದರು. ಅದರ ನ್ಯಾಯಮಂಡಳಿ ಮುಖ್ಯವಾಗಿ ಇರುವುದು ಮಕ್ಕಳಿಂದ, ಆಸ್ತಿ ಪಡೆಯುವ ನೆಂಟರಿಂದ ಜೀವನಾಂಶ ಕೊಡಿಸುವುದಕ್ಕೆ. ದುಡ್ಡು ತಗೊಂಡು ಸೇವೆ ಕೊಡದ ಕೇಂದ್ರದ ಮೇಲಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಜಿಲ್ಲಾ ಗ್ರಾಹಕ ಆಯೋಗ. ಯಾರನ್ನು ಕೇಳಬೇಕು ಅಂತಲೇ ತಿಳಿಯದಿದ್ದರೆ ಹಿರಿಯರ ಸಹಾಯವಾಣಿ 14567 ಇದೆ. ನಾವು ತಾರೀಕು ಇರುವ ಫೋಟೋ, ಟಿಕ್ ಹಾಳೆಯ ಚಿತ್ರ, ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಸೇರಿಸಿ ಇಮೇಲ್ ಬರೆದೆವು. ಡೆಪಾಸಿಟ್ ವಾಪಸ್ ಬಂತು. ಕ್ಷಮೆ ಮಾತ್ರ ಬರಲಿಲ್ಲ.

ಈಗ ಅಮ್ಮ ನಮ್ಮ ಮನೆಯಲ್ಲಿದ್ದಾರೆ. ರಾಯಚೂರು ಕಡೆಯ ಹುಡುಗಿ, 24 ಗಂಟೆಯೂ ಮನೆಯಲ್ಲೇ ಇರುತ್ತಾಳೆ. ಏಜೆನ್ಸಿಗೆ ತಿಂಗಳಿಗೆ 28 ಸಾವಿರ, ಮೇಲೆ ಊಟ. ಗಾಳಿ ತುಂಬುವ ಏರ್ ಬೆಡ್, ಕಮೋಡ್ ಕುರ್ಚಿ ನಾವೇ ತಂದೆವು. ಹೋಮ್ ನರ್ಸ್ ಅಂತ ಕರೆದರೂ ಆಕೆ ಅಟೆಂಡರ್, ನರ್ಸಿಂಗ್ ಓದಿಲ್ಲ. ಹುಣ್ಣಿಗೆ ಡ್ರೆಸ್ಸಿಂಗ್ ಮಾಡಲು ಬೇರೆ ನರ್ಸ್ ಬರುತ್ತಿದ್ದರು. ಮೊದಲು ಬಂದವಳಿಗೆ ಫೋನೇ ಲೋಕ, ಬದಲಾಯಿಸಿದೆವು. ಇವಳು "ಅಜ್ಜಿ, ಆ ಕಡೆ ಹೊರಳ್ರಿ" ಅಂದರೆ ಅಮ್ಮ ಮರುಮಾತಿಲ್ಲದೆ ಹೊರಳುತ್ತಾರೆ. ನಾನು ಹೇಳಿದರೆ ಕೇಳಲ್ಲ!

24 ಗಂಟೆ ಅಂದರೆ ಅವಳಿಗೆ ನಿದ್ದೆ ಬೇಡವಾ? ಮಗ್ಗುಲು ಬದಲಿಸಲು ರಾತ್ರಿ ಹನ್ನೊಂದು, ಒಂದು ಗಂಟೆಯ ಪಾಳಿ ನನ್ನದು, ಮೂರು, ಐದರದ್ದು ನನ್ನ ಯಜಮಾನರದ್ದು. ಹಗಲು ಆಫೀಸಿನಲ್ಲಿ ತೂಕಡಿಕೆ. ಮನೆಯೇ ಮೇಲು ಅಂತ ಹೇಳುವವರು ಇದನ್ನು ಹೇಳುವುದಿಲ್ಲ.

ನನ್ನ ಲೆಕ್ಕ ಇಷ್ಟು. ಓಡಾಡುವವರಿಗೆ ಚಿಕ್ಕ ಆಶ್ರಮ, ಕಣ್ಣು ಮುಚ್ಚಿ. ಹಾಸಿಗೆ ಹಿಡಿದವರಿಗೆ ಸ್ವಂತ ಮನೆ, ರಾತ್ರಿ ಏಳಲು ಇಬ್ಬರಾದರೂ ಇದ್ದರೆ. ಮೂಗಿಗೆ ನಳಿಕೆ, ದಿನಾ ಇಂಜೆಕ್ಷನ್ ಅಂತಿದ್ದರೆ ದೊಡ್ಡ ಕೇಂದ್ರವೇ ಬೇಕಾಗಬಹುದು. ಆಗ ತೋಟ ನೋಡಬೇಡಿ. ರಾತ್ರಿ ಹತ್ತರ ಮೇಲೆ ಮಹಡಿಗೆ ಎಷ್ಟು ಜನ, ಅವರಿಗೆ ನಿಮ್ಮವರ ಭಾಷೆ ಬರುತ್ತದಾ, ಹೇಳದೆ ಬಂದರೆ ಒಳಗೆ ಬಿಡುತ್ತೀರಾ, ಈ ಮೂರನ್ನು ಕೇಳಿ. ಮೂರನೆಯದಕ್ಕೆ "ವಿಸಿಟಿಂಗ್ ಅವರ್ಸ್" ಅಂದರೆ ಚಪ್ಪಲಿ ಹಾಕಿಕೊಂಡು ವಾಪಸ್ ಬನ್ನಿ.

ದೀಪಾವಳಿಗೆ ಹುಡುಗಿ ಊರಿಗೆ ಹೋಗುತ್ತಾಳೆ. ಏಜೆನ್ಸಿಯವರು ಬದಲಿ ಕಳಿಸುತ್ತೇವೆ ಅಂತಾರೆ, ಹಬ್ಬದ ವಾರ ಯಾರು ಬರುತ್ತಾರೆ? ಮೈಸೂರಿನಿಂದ ತಂಗಿ ಬರುತ್ತಾಳೆ. ಅಣ್ಣನೂ ಈ ಸಲ ರಜೆ ಹಾಕಿದ್ದಾನೆ. ರಾತ್ರಿ ಮೂರರ ಪಾಳಿ ಅವನಿಗೇ ಅಂತ ನಾವು ಆಗಲೇ ತೀರ್ಮಾನ ಮಾಡಿಯಾಗಿದೆ. ಹೇಗೂ ಅಮೆರಿಕದಿಂದ ಬಂದವರಿಗೆ ಆ ಹೊತ್ತಿನಲ್ಲಿ ನಿದ್ದೆ ಬರಲ್ಲ.